ದಾನಕ್ಕಿಂತ ಪಾಲನೆ ಮೇಲು

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಚೆನ್ನಾಗಿ ಪರಿಚಿತವಾದದ್ದು. ಅರಸನ ವಂಶಾವಳಿ, ಬಿರುದುಗಳ ಸಾಲು, ದಾನದ ವಿವರ, ಭೂಮಿಯ ಎಲ್ಲೆ ಇವೆಲ್ಲ ಮುಗಿದ ಮೇಲೆ ಕೊನೆಗೆ ಶಾಪಾಶಯದ ಮಾತುಗಳು ಬರುತ್ತವೆ. ಈ ದತ್ತಿಯನ್ನು ಕೆಡಿಸಿದವನಿಗೆ ಇಂಥ ಪಾಪ, ಕಾಪಾಡಿದವನಿಗೆ ಇಂಥ ಪುಣ್ಯ ಎಂದು ಸಾರುವಾಗ ಅನೇಕ ಶಾಸನಗಳು ಒಂದು ತೀರ್ಪನ್ನೂ ಕೊಟ್ಟುಬಿಡುತ್ತವೆ: ಕೊಡುವುದು, ಕೊಟ್ಟದ್ದನ್ನು ಪಾಲಿಸುವುದು ಈ ಎರಡರಲ್ಲಿ ಪಾಲಿಸುವುದೇ ಹೆಚ್ಚಿನದು, ಕೊಟ್ಟವನಿಗೆ ಸ್ವರ್ಗ ದೊರೆತರೆ ಪಾಲಿಸಿದವನಿಗೆ ಅದಕ್ಕೂ ಮೇಲಾದ, ಚ್ಯುತಿಯಿಲ್ಲದ ಪದವಿ. ದಾನ ಮಾಡಿದವನೇ ಕಲ್ಲು ನಿಲ್ಲಿಸಿ ಹೀಗೆ ಬರೆಸಿದನೆಂಬುದು ಗಮನಿಸತಕ್ಕ ವಿಷಯ. ತಾನು ಕೊಟ್ಟದ್ದರ ಆಯುಷ್ಯ ತನ್ನ ಕೈಯಲ್ಲಿಲ್ಲ, ಮುಂದೆ ಬರುವ, ತನಗೆ ಮುಖಪರಿಚಯವೂ ಇಲ್ಲದ ಜನರ ಕೈಯಲ್ಲಿದೆ ಎಂಬುದನ್ನು ಅವನು ಬಲ್ಲವನಾಗಿದ್ದನು.

ಕೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಟ್ಟಿಸಿದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ. ಮಳೆಗಾಲ ಮಳೆಗಾಲಕ್ಕೂ ಹೂಳು ಬಂದು ತುಂಬುತ್ತದೆ, ಏರಿಯಲ್ಲಿ ಹೆಗ್ಗಣಗಳು ಬಿಲ ತೋಡುತ್ತವೆ, ತೂಬಿನ ಕಲ್ಲು ಸಡಿಲುತ್ತದೆ, ಕೋಡಿ ಕೊಚ್ಚಿಹೋಗುತ್ತದೆ. ಇದನ್ನು ಅರಿತಿದ್ದ ಹಿರಿಯರು ಕೆರೆಯ ಜೊತೆಗೆ ಅದರ ಪಾಲನೆಗೂ ಏರ್ಪಾಡು ಮಾಡಿದರು. ಬಿತ್ತುವಟ್ಟ, ಕೆರೆಗೊಡಗೆ ಎಂದು ಶಾಸನಗಳು ಹೆಸರಿಸುವ ದತ್ತಿಗಳು ಈ ಬಗೆಯವು. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ಕಟ್ಟಿಸಿದ ದಂಡನಾಯಕನ ಹೆಸರು ಕಲ್ಲಿನಲ್ಲಿ ನಿಂತಿದೆ. ನೀರುಗಂಟಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಊರಿನ ಅನ್ನ ಮಾತ್ರ ಅವನ ಕೈಯಲ್ಲಿತ್ತು.

ಈ ಹಳೆಯ ಮಾತನ್ನು ಎತ್ತಿದುದಕ್ಕೆ ಕಾರಣವಿದೆ. ನಮ್ಮ ಕಣ್ಣ ಮುಂದೆಯೇ ಕನ್ನಡಕ್ಕೆ ಒಂದು ಹೊಸ ಬಗೆಯ ಕೆರೆ ದೊರೆತಿದೆ. ಅದರಲ್ಲಿರುವುದು ನೀರಲ್ಲ, ನುಡಿ. ಅದು ಇರುವ ಸ್ಥಳ ಅಂತರಜಾಲ. ಕನ್ನಡದ ಒಂದು ದೊಡ್ಡ ನಿಘಂಟು, ಮತ್ತು ಆ ನಿಘಂಟನ್ನು ಲೋಕಕ್ಕೆ ತೆರೆದು ತೋರಿಸುವ ಒಂದು ತಂತ್ರಾಂಶ, ಇವೆರಡನ್ನೂ ಕಟ್ಟಿದವರು ಯಾರು ಬೇಕಾದರೂ ಬಳಸಬಹುದೆಂದು ದಾನವಾಗಿ ಕೊಟ್ಟಿದ್ದಾರೆ. ಆ ದಾನವನ್ನು ನಾವು ಕೊಂಡಾಡಿದ್ದೇವೆ. ಅದರ ಪಾಲನೆಯ ವಿಚಾರವನ್ನು ಮಾತ್ರ ಇನ್ನೂ ಸರಿಯಾಗಿ ಯೋಚಿಸಿದಂತೆ ಕಾಣುವುದಿಲ್ಲ.

*

ನಿಘಂಟಿನ ಹೆಸರು 'ಅಲರ್'. ಹಳಗನ್ನಡ ಓದಿದವರಿಗೆ ಈ ಮಾತಿನ ಸೊಗಸನ್ನು ವಿವರಿಸಬೇಕಾಗಿಲ್ಲ. ನಾಮಪದವಾಗಿ ಹೂವು, ಕ್ರಿಯಾಪದವಾಗಿ ಅರಳು. ಇದನ್ನು ರಚಿಸಿದವರು ಶ್ರೀ ವಿ. ಕೃಷ್ಣ ಅವರು. ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಪದಗಳನ್ನು ಸಂಗ್ರಹಿಸಿ, ಅವುಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದು ಇದನ್ನು ಸಿದ್ಧಪಡಿಸಿದರು. 1,50,000ಕ್ಕೂ ಹೆಚ್ಚು ಕನ್ನಡ ಪದಗಳು, 2,40,000ಕ್ಕೂ ಹೆಚ್ಚು ಅರ್ಥವಿವರಣೆಗಳು ಇದರಲ್ಲಿವೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮಹಾಕೋಶದಲ್ಲಿ ಇದ್ದುದು ಸುಮಾರು 70,000 ಪದಗಳು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ವಿದ್ವಾಂಸರ ಮಂಡಲಿಯೊಂದರ ದುಡಿಮೆಯಿಂದ 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಹೊರಬಂದಿತು. ಅವುಗಳ ವಿದ್ವತ್ತೂ ಉದ್ದೇಶವೂ ಬೇರೆ. ಇಲ್ಲಿ ಹೋಲಿಕೆ ಮಾಡಿ ಹೆಚ್ಚು ಕಡಿಮೆ ಹೇಳುವುದು ನನ್ನ ಅಭಿಪ್ರಾಯವಲ್ಲ. ಒಬ್ಬ ವ್ಯಕ್ತಿಯ ಏಕಾಂತದ ಶ್ರಮ ಇಷ್ಟು ದೂರ ಬಂದಿತೆಂಬುದನ್ನು ನೆನೆಯುವುದಷ್ಟೇ ಉದ್ದೇಶ.

ಈ ಸಂಗ್ರಹ 2019ರಲ್ಲಿ ಅಂತರಜಾಲಕ್ಕೆ ಬಂದಿತು. ಬಂದ ಬಗೆಯೇ ವಿಶೇಷವಾದದ್ದು. ಪದಗಳನ್ನು ಹುಡುಕಿ ನೋಡಲು ಒಂದು ತಾಣವನ್ನು ತೆರೆದುದಲ್ಲದೆ, ಇಡೀ ಸಂಗ್ರಹವನ್ನೇ ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು, ಬೇರೆ ಕೆಲಸಕ್ಕೆ ಬಳಸಬಹುದು ಎಂದು ಮುಕ್ತ ಪರವಾನಗಿಯಲ್ಲಿ ಒಪ್ಪಿಸಲಾಯಿತು. ಆ ಪರವಾನಗಿಗೆ ಒಂದು ಷರತ್ತು ಉಂಟು. ಇದನ್ನು ತಿದ್ದಿ ಬೆಳೆಸಿ ಹೊರಗೆ ಪ್ರಕಟಿಸುವವನು ತಾನು ಬೆಳೆಸಿದ ಸಂಗ್ರಹವನ್ನೂ ಇದೇ ರೀತಿ ಮುಕ್ತವಾಗಿ ಇಡತಕ್ಕದ್ದು. ಪಡೆದವನು ಕೊಡುವವನೂ ಆಗಬೇಕೆಂಬುದು ಅದರ ತಾತ್ಪರ್ಯ.

ಕನ್ನಡಿಗರಿಗೆ ಇದು ಹೊಸ ಧರ್ಮವೇನಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ತಾಳೆಗರಿ, ಎಷ್ಟು ಕಂಠಗಳು ಬೇಕಾದವೋ! ಆದರೆ ತಾಳೆಗರಿಯ ಆಯುಷ್ಯ ಕೆಲವೇ ಶತಮಾನಗಳದು. ಶಾಂತಿಪುರಾಣ ನಮ್ಮ ಕಾಲದವರೆಗೆ ನಡೆದುಬಂದದ್ದು ಆ ಮಹಾದಾನವೊಂದರಿಂದಲೇ ಅಲ್ಲ. ಅನಂತರದ ತಲೆಮಾರುಗಳಲ್ಲಿ ಗರಿಗೆ ಎಣ್ಣೆ ಸವರಿ, ಕಾಡಿಗೆ ತೀಡಿ, ಹುಳು ಹಿಡಿದ ಗರಿಯಿಂದ ಹೊಸ ಗರಿಗೆ ಇಳಿಸುತ್ತ ಬಂದ ಹೆಸರಿಲ್ಲದ ಕೈಗಳಿಂದ. ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ನಾಡು ಕರೆಯಿತು. ಆ ಕೈಗಳಿಗೆ ಕೊಡುವ ಬಿರುದು ನಮ್ಮಲ್ಲಿ ಇಲ್ಲ.

*

ನಿಘಂಟಿನ ವಿಚಾರ ಹೀಗಾಯಿತು. ಅದನ್ನು ಹೊತ್ತು ನಿಂತ ತಂತ್ರಾಂಶದ ವಿಚಾರಕ್ಕೆ ಬರೋಣ. ಅದರ ಹೆಸರು ಡಿಕ್ಟ್‌ಪ್ರೆಸ್. ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರವಿಭಾಗದ ಮುಖ್ಯಸ್ಥರಾದ ಶ್ರೀ ಕೈಲಾಶ್ ನಾಧ್ ಅವರು ಇದನ್ನು ರಚಿಸಿದರು. 2010ರಲ್ಲಿ ಮಲಯಾಳ ಭಾಷೆಗಾಗಿ 'ಓಳಂ' ಎಂಬ ಅಂತರಜಾಲ ನಿಘಂಟನ್ನು ಅವರು ಆರಂಭಿಸಿದ್ದರು. ಡಿಕ್ಟ್‌ಪ್ರೆಸ್ ಒಂದು ಭಾಷೆಗೆ ಕಟ್ಟುಬೀಳದೆ ಯಾವ ಭಾಷೆಯ ನಿಘಂಟನ್ನಾದರೂ ಪ್ರಕಟಿಸಬಲ್ಲ ಸಾಧನ. ಓಳಂ, ಅಲರ್ ಎರಡನ್ನೂ ಅದು ಹೊತ್ತಿದೆ. ಅದರ ಒಳಗಿನ ರಚನೆ ಸರಳವಾದದ್ದು. ಒಂದು ಕಡೆ ಪದಗಳ ಪಟ್ಟಿ, ಇನ್ನೊಂದು ಕಡೆ ಪದಪದಗಳ ಸಂಬಂಧದ ಪಟ್ಟಿ. 'ಮರ' ಎಂಬುದು ಒಂದು ನಮೂದು. ಅದರ ಇಂಗ್ಲಿಷ್ ಅರ್ಥ ಇನ್ನೊಂದು ನಮೂದು. ಇದು ಅದರ ಅರ್ಥ ಎಂಬುದು ಅವೆರಡನ್ನೂ ಕಟ್ಟುವ ಸಂಬಂಧ. ಈ ಎರಡೇ ಕಲ್ಪನೆಗಳಿಂದ ಕನ್ನಡ–ಇಂಗ್ಲಿಷ್ ಕೋಶವನ್ನೂ ಕಟ್ಟಬಹುದು, ತುಳು–ಕನ್ನಡ ಕೋಶವನ್ನೂ ಕಟ್ಟಬಹುದು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾಮಾನ್ಯ ಪಠ್ಯದ ಸಾಲುಗಳಲ್ಲಿ ಪದಗಳನ್ನು ಬರೆದಿಟ್ಟುಕೊಂಡವರು ಅದನ್ನು ಇದಕ್ಕೆ ಒಪ್ಪಿಸಿದರೆ ನಿಘಂಟು ಸಿದ್ಧ. ಓದುಗರು ಹೊಸ ಪದವನ್ನು ಸೂಚಿಸುವುದಕ್ಕೂ ಸಂಪಾದಕರು ಅದನ್ನು ಪರಿಶೀಲಿಸಿ ಸೇರಿಸುವುದಕ್ಕೂ ಅದರಲ್ಲಿ ಅವಕಾಶವಿದೆ.

ಭಾಷೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಸ್ವಾರಸ್ಯವೆನಿಸುವುದು ಪದಗಳನ್ನು ಹುಡುಕುವ ರೀತಿ. ಮಾತನ್ನು ಕಿವಿಯಿಂದ ಕೇಳಿದವನಿಗೆ ಅದರ ಕಾಗುಣಿತ ತಿಳಿದಿರಬೇಕೆಂದೇನೂ ಇಲ್ಲ. ಲಕಾರವೋ ಳಕಾರವೋ, ನಕಾರವೋ ಣಕಾರವೋ, ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬ ಸಂದೇಹ ಸಹಜ. ಅಚ್ಚಿನ ನಿಘಂಟಿನಲ್ಲಾದರೆ ಕಾಗುಣಿತ ತಪ್ಪಿದವನಿಗೆ ಪದ ಸಿಕ್ಕುವುದೇ ಇಲ್ಲ. ಕೈಲಾಶ್ ನಾಧ್ ಅವರು ಇದಕ್ಕಾಗಿ ಕೆ.ಎನ್.ಫೋನ್ ಎಂಬ ಒಂದು ಧ್ವನಿಸೂತ್ರವನ್ನು ರಚಿಸಿದ್ದಾರೆ. ಅದು ಪ್ರತಿಯೊಂದು ಪದಕ್ಕೂ ಉಚ್ಚಾರಣೆಯನ್ನು ಅನುಸರಿಸಿ ಮೂರು ಕೀಲಿಗಳನ್ನು ಮಾಡುತ್ತದೆ. ಇವನ್ನು ಮೂರು ಜರಡಿಗಳೆಂದು ಭಾವಿಸಬಹುದು. ಮೊದಲನೆಯದರ ಕಣ್ಣು ದೊಡ್ಡದು. ಲ–ಳಗಳ, ನ–ಣಗಳ ಭೇದವನ್ನು ಗಣಿಸದೆ, ಸ್ವರಚಿಹ್ನೆಗಳನ್ನೂ ಬಿಟ್ಟು, ಸ್ಥೂಲವಾದ ಧ್ವನಿರೂಪವೊಂದನ್ನೇ ಹಿಡಿಯುತ್ತದೆ. ಎರಡನೆಯದು ಗಡುಸಾದ ಧ್ವನಿಗಳನ್ನು ಬೇರ್ಪಡಿಸುತ್ತದೆ. ಮೂರನೆಯದು ಸ್ವರಚಿಹ್ನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 'ಹಲ್ಲಿ' ಎಂದು ಬರೆದವನು 'ಹಳ್ಳಿ'ಯನ್ನು ಹುಡುಕುತ್ತಿದ್ದರೂ ಇರಬಹುದೆಂಬ ಔದಾರ್ಯ ಈ ಸೂತ್ರಕ್ಕೆ ಇದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಕನ್ನಡದ ವರ್ಣಗಳನ್ನು ವಿಂಗಡಿಸಿ ಹೇಳಿದ ಶಾಸ್ತ್ರ ಇಪ್ಪತ್ತೊಂದನೆಯ ಶತಮಾನದ ಯಂತ್ರಕ್ಕೆ ಬೇಕಾಯಿತಲ್ಲಾ ಎಂದು ವ್ಯಾಕರಣ ಬೋಧಿಸುವವರು ಸಂತೋಷಪಡಬಹುದು.

ಡಿಕ್ಟ್‌ಪ್ರೆಸ್ ಕೂಡ ಮುಕ್ತ ಪರವಾನಗಿಯದು. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಬಹುದು, ತಿದ್ದಬಹುದು. ತಿದ್ದಿದ ರೂಪವನ್ನು ಅಂತರಜಾಲದಲ್ಲಿ ನಡೆಸುವವನು ತನ್ನ ಓದುಗರಿಗೆ ತಾನು ತಿದ್ದಿದ ಮೂಲಪಾಠವನ್ನೂ ಕೊಡಬೇಕು. ಹೀಗೆ ನಿಘಂಟೂ ದಾನ, ನಿಘಂಟನ್ನು ಹೊತ್ತ ಸಾಧನವೂ ದಾನ.

*

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು. ತಾಳೆಗರಿಗೆ ಹುಳು ಹತ್ತುತ್ತದೆ, ಕೆರೆಗೆ ಹೂಳು ತುಂಬುತ್ತದೆ, ಸರಿ. ಯಂತ್ರದೊಳಗಿನ ಅಕ್ಷರಕ್ಕೆ ಏನಾಗುತ್ತದೆ? ಒಮ್ಮೆ ಸರಿಯಾಗಿ ಕಟ್ಟಿದ ತಂತ್ರಾಂಶ ಸವೆಯುವುದಿಲ್ಲವಲ್ಲ, ಅದಕ್ಕೆ ಪಾಲನೆ ಏಕೆ? ಪ್ರಶ್ನೆ ನ್ಯಾಯವಾದದ್ದು. ತಂತ್ರಾಂಶ ತಾನಾಗಿ ಸವೆಯುವುದಿಲ್ಲವೆಂಬುದೂ ನಿಜ. ಆದರೆ ಅದು ನಿಂತ ನೆಲ ಸರಿಯುತ್ತ ಹೋಗುತ್ತದೆ.

ಕನ್ನಡದವರೇ ಕಂಡುಂಡ ಒಂದು ಉದಾಹರಣೆ ಇದೆ. ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ನಡುವಣ ವರ್ಷಗಳಲ್ಲಿ ನಾವು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಲೇಖನಗಳನ್ನು, ಪ್ರಬಂಧಗಳನ್ನು, ಇಡೀ ಗ್ರಂಥಗಳನ್ನು ಬೆರಳಚ್ಚಿಸಿದೆವು. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಇಂದಿನ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ. ರೋಮನ್ ಅಕ್ಷರಗಳ, ವಿಚಿತ್ರ ಚಿಹ್ನೆಗಳ ಅರ್ಥವಿಲ್ಲದ ಕಲಸುಮೇಲೋಗರ. ಕಡತದ ಒಂದು ಬಿಂದುವೂ ಅಳಿದಿಲ್ಲ. ಆದರೂ ಪರಿವರ್ತನೆ ಮಾಡಿಸದ ಹೊರತು ಅದು ಓದುವವರಿಗೆ ಇಲ್ಲವಾಗಿದೆ. ಹುಳು ಹತ್ತದೆಯೂ ಗ್ರಂಥ ಕೆಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂತರಜಾಲದ ಸಾಧನಗಳಲ್ಲಿ ಈ ಸರಿದಾಟ ಇನ್ನೂ ಬೇಗ. ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದಿಲ್ಲ; ಬೇರೆಯವರು ಕಟ್ಟಿದ ಹತ್ತಾರು ತಂತ್ರಾಂಶಗಳ ಹೆಗಲ ಮೇಲೆ ನಿಲ್ಲುತ್ತದೆ. ಡಿಕ್ಟ್‌ಪ್ರೆಸ್ ಅನ್ನು ಕಟ್ಟಿದಾಗ ಪದಗಳ ಉಗ್ರಾಣವಾಗಿ ಆರಿಸಿಕೊಂಡದ್ದು ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಾಂಶಕೋಶವನ್ನು. ಅದೂ ಮುಕ್ತ ತಂತ್ರಾಂಶವೇ. ಅದರ ಪ್ರತಿಯೊಂದು ಮುಖ್ಯ ಆವೃತ್ತಿಯನ್ನೂ ಅದರ ಕರ್ತೃಗಳು 5 ವರ್ಷಗಳ ಕಾಲ ಪಾಲಿಸುತ್ತಾರೆ, ಬಳಿಕ ಕೈಬಿಡುತ್ತಾರೆ. ಅಲರ್ ಬೆಳಕಿಗೆ ಬಂದ ವರ್ಷವೇ, 2019ರ ಅಕ್ಟೋಬರಿನಲ್ಲಿ, ಪೋಸ್ಟ್‌ಗ್ರೆಸ್‌ನ 12ನೆಯ ಆವೃತ್ತಿ ಹೊರಬಂದಿತ್ತು. 2024ರ ನವೆಂಬರಿಗೆ ಅದರ ಪಾಲನೆ ಮುಗಿಯಿತು. ಅದರ ಮೇಲೆ ಮನೆ ಕಟ್ಟಿದವರೆಲ್ಲರೂ ಅಷ್ಟರೊಳಗೆ ಮನೆಯನ್ನು ಮೇಲಿನ ಆವೃತ್ತಿಗೆ ಸಾಗಿಸಿಕೊಳ್ಳಬೇಕು. ಇದು ಒಂದು ಹೆಗಲಿನ ಮಾತು. ಉಳಿದ ಹೆಗಲುಗಳೂ ತಮ್ಮ ತಮ್ಮ ಲೆಕ್ಕದಂತೆ ಸರಿಯುತ್ತಲೇ ಇರುತ್ತವೆ.

ಆದ್ದರಿಂದ ಇಂಥ ಸಾಧನವನ್ನು ನೋಡಿಕೊಳ್ಳುವವನ ದಿನಚರಿ ಕಟ್ಟುವವನ ದಿನಚರಿಯಂತೆ ಉತ್ಸಾಹದ್ದಲ್ಲ. ಆಧಾರವಾದ ತಂತ್ರಾಂಶಗಳಲ್ಲಿ ಭದ್ರತೆಯ ದೋಷ ಕಂಡಿತೆಂದು ಸುದ್ದಿ ಬಂದರೆ ಅಂದೇ ಸರಿಪಡಿಸಬೇಕು. ತಾಣದ ಹೆಸರಿಗೆ ವರ್ಷ ವರ್ಷವೂ ಶುಲ್ಕ ಕಟ್ಟಬೇಕು; ಮರೆತರೆ ಆ ಹೆಸರು ಯಾರದೋ ಪಾಲಾಗಿ, ನಿಘಂಟಿಗೆ ಹೋದ ವಿದ್ಯಾರ್ಥಿ ಜಾಹೀರಾತಿನ ಅಂಗಡಿಗೆ ಹೋಗಿ ನಿಲ್ಲುತ್ತಾನೆ. ಸಂಗ್ರಹದ ಪ್ರತಿಯನ್ನು ಬೇರೆ ಬೇರೆ ಸ್ಥಳಗಳಲ್ಲಿ ಕಾಪಿಡಬೇಕು. ಆ ಪ್ರತಿ ಬೇಕಾದಾಗ ತೆರೆಯುತ್ತದೆಯೋ ಇಲ್ಲವೋ ಎಂದು ಆಗಾಗ ಪರೀಕ್ಷಿಸಬೇಕು. ದೂರುಗಳನ್ನು ಓದಬೇಕು, ಅವುಗಳಲ್ಲಿ ನಿಜವಾದ ದೋಷ ಯಾವುದು, ಬರೆದವನ ತಿಳಿವಳಿಕೆಯ ಕೊರತೆ ಯಾವುದು ಎಂದು ಬೇರ್ಪಡಿಸಬೇಕು. ಮುಂದೆ ಬರುವವನಿಗಾಗಿ ಕೈಪಿಡಿ ಬರೆಯಬೇಕು. ಎಲ್ಲಕ್ಕಿಂತ ಕಷ್ಟವಾದದ್ದು, ಒಳ್ಳೆಯ ಮನಸ್ಸಿನಿಂದ ಬಂದ ಸಲಹೆಗೂ ಒಮ್ಮೊಮ್ಮೆ ಬೇಡವೆನ್ನಬೇಕು. ಏಕೆಂದರೆ ಸೇರಿಸಿದ ಒಂದೊಂದು ಸೌಕರ್ಯವೂ ನಾಳೆ ಪಾಲಿಸಬೇಕಾದ ಇನ್ನೊಂದು ತೂಬು.

ನಿಘಂಟಿನ ಸಂದರ್ಭದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಒಬ್ಬ ವಿದ್ವಾಂಸರು ತಮ್ಮ ವಿವೇಚನೆಯಿಂದ ಬರೆದ ಅರ್ಥವನ್ನು ಇನ್ನೊಬ್ಬರು ತಿದ್ದಬಹುದೆ? ತಿದ್ದಿದರೆ ಅದು ಯಾರ ನಿಘಂಟು? ತಾಳೆಗರಿಯ ಕಾಲದಲ್ಲಿ ಲಿಪಿಕಾರರು ತಿಳಿದೋ ತಿಳಿಯದೆಯೋ ಮಾಡಿದ ತಿದ್ದುಪಡಿಗಳೇ ನಮ್ಮ ಪಾಠಾಂತರಗಳು. ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ'ಯಂಥ ಶಾಸ್ತ್ರಗ್ರಂಥವನ್ನು ಬರೆಯಬೇಕಾಗಿ ಬಂದದ್ದು ಆ ಪಾಠಾಂತರಗಳ ಕಾಡಿನಲ್ಲಿ ದಾರಿ ಹುಡುಕುವುದಕ್ಕಾಗಿ. ಮುಕ್ತ ತಂತ್ರಾಂಶದವರು ಈ ತೊಡಕಿಗೆ ತಮ್ಮದೇ ಆದ ಪರಿಹಾರ ಕಂಡುಕೊಂಡಿದ್ದಾರೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ಸಾಧನ ಮೂಲಪಾಠದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುತ್ತದೆ: ಯಾರು, ಯಾವ ದಿನ, ಯಾವ ಸಾಲನ್ನು, ಏನೆಂದು ತಿದ್ದಿದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ, ಏಕೆ ತಿದ್ದಿದೆನೆಂದು ಬರೆಯುವುದಕ್ಕೂ ಸ್ಥಳವಿದೆ. ಒಪ್ಪದವನು ಹಿಂದಿನ ಪಾಠಕ್ಕೆ ಹೋಗಬಹುದು. ತನ್ನದೇ ಆದ ಕವಲನ್ನೂ ತೆಗೆಯಬಹುದು. ಪಾಠದ ವಂಶವೃಕ್ಷವನ್ನು ವಿದ್ವಾಂಸರು ಊಹಿಸಿ ಬರೆಯಬೇಕಾಗಿಲ್ಲ, ಅದು ತಾನಾಗಿ ಬೆಳೆದುನಿಂತಿರುತ್ತದೆ. ಆದರೆ ಬಂದ ತಿದ್ದುಪಡಿಯನ್ನು ಒಪ್ಪಬೇಕೆ ಬೇಡವೆ ಎಂಬ ವಿವೇಕವನ್ನು ಯಾವ ಸಾಧನವೂ ಕೊಡಲಾರದು. ಅದಕ್ಕೆ ಒಬ್ಬ ಪಾಲಕನೇ ಕುಳಿತಿರಬೇಕು.

*

ಪಾಲಕನನ್ನು ಲೋಕ ಮರೆತರೆ ಏನಾಗುತ್ತದೆಂಬುದಕ್ಕೆ ಈಚಿನ ಚರಿತ್ರೆಯಲ್ಲಿ ಎರಡು ದೊಡ್ಡ ದೃಷ್ಟಾಂತಗಳಿವೆ. ಎರಡೂ ಹೊರದೇಶಗಳವು, ಆದರೆ ಅವುಗಳ ನೆರಳು ಎಲ್ಲ ದೇಶಗಳ ಮೇಲೂ ಬಿದ್ದಿತು.

ಮೊದಲನೆಯದು 2014ರ ಏಪ್ರಿಲಿನದು. ಅಂತರಜಾಲದಲ್ಲಿ ಗುಟ್ಟಾಗಿ ಸಾಗಬೇಕಾದ ಮಾತುಗಳನ್ನು ಗೂಢಲಿಪಿಗೆ ತಿರುಗಿಸುವ ಓಪನ್ ಎಸ್ಎಸ್ಎಲ್ ಎಂಬ ತಂತ್ರಾಂಶವನ್ನು ಲೋಕದ ಅಸಂಖ್ಯಾತ ತಾಣಗಳು ನೆಚ್ಚಿದ್ದವು. ಅದರಲ್ಲಿ ಒಂದು ಯಂತ್ರ ಇನ್ನೊಂದನ್ನು 'ಬದುಕಿರುವೆಯಾ? ಇದ್ದರೆ ಇಷ್ಟು ಅಕ್ಷರಗಳ ಈ ಮಾತನ್ನು ನನಗೆ ಹಿಂದಿರುಗಿಸು' ಎಂದು ಕೇಳುವ ಒಂದು ವ್ಯವಸ್ಥೆಯಿತ್ತು. ಹೇಳಿದ ಅಳತೆಗೂ ಕಳುಹಿಸಿದ ಮಾತಿಗೂ ತಾಳೆಯಾಗುವುದೇ ಎಂದು ನೋಡುವ ಒಂದು ಸಣ್ಣ ಪರೀಕ್ಷೆ ಬಿಟ್ಟುಹೋಗಿತ್ತು. ಕೇಳುವವನು ಸಣ್ಣ ಮಾತು ಕಳುಹಿಸಿ ದೊಡ್ಡ ಅಳತೆ ಹೇಳಿದರೆ, ಉತ್ತರ ಕೊಡುವ ಯಂತ್ರ ತನ್ನ ನೆನಪಿನಲ್ಲಿದ್ದ ಗುಟ್ಟುಗಳನ್ನೂ ಸೇರಿಸಿ ಹಿಂದಿರುಗಿಸುತ್ತಿತ್ತು. ಹಾರ್ಟ್‌ಬ್ಲೀಡ್ ಎಂದು ಹೆಸರಾದ ಈ ದೋಷ ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ತಿಳಿದುಬಂದದ್ದೇನೆಂದರೆ, ಕೋಟ್ಯಂತರ ಜನರ ಗುಟ್ಟನ್ನು ಕಾಯುತ್ತಿದ್ದ ಆ ತಂತ್ರಾಂಶದ ಸಂಸ್ಥೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು. ಪೂರ್ಣಕಾಲದ ದುಡಿಮೆಗೆ ಇದ್ದವನು ಒಬ್ಬನೇ. ಆ ಬಳಿಕವೇ ದೊಡ್ಡ ಸಂಸ್ಥೆಗಳು ಎಚ್ಚೆತ್ತು ಇಂಥ ಮೂಲತಂತ್ರಾಂಶಗಳ ಪಾಲನೆಗೆ ನಿಧಿ ಕೂಡಿಸಿದವು.

ಎರಡನೆಯದು 2024ರದು, ಇದು ಇನ್ನೂ ಘೋರವಾದದ್ದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬನೇ ಪಾಲಿಸಿಕೊಂಡು ಬಂದಿದ್ದ. ಅವನು ದಣಿದಿದ್ದ. ಕೆಲಸ ನಿಧಾನವಾಯಿತೆಂದು ಅಪರಿಚಿತರು ಅವನನ್ನು ಆಕ್ಷೇಪಿಸುತ್ತಿದ್ದ ಹೊತ್ತಿನಲ್ಲಿಯೇ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಸಹಾಯಕ ಬಂದ. ಎರಡು ವರ್ಷಗಳಿಗೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿಕೊಟ್ಟು ನಂಬಿಕೆ ಗಳಿಸಿದ. ಕೊನೆಗೆ ಸಹಪಾಲಕನ ಅಧಿಕಾರವನ್ನೂ ಪಡೆದ. ಆ ಬಳಿಕ ಲೋಕದ ಯಂತ್ರಗಳಿಗೆ ಹಿಂಬಾಗಿಲಾಗುವಂಥ ಕಳ್ಳಸಾಲುಗಳನ್ನು ಅದರಲ್ಲಿ ಅಡಗಿಸಿದ. ಪೋಸ್ಟ್‌ಗ್ರೆಸ್ ಕರ್ತೃಗಳಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯಿಂಡ್ ಅವರು ದೂರದ ಯಂತ್ರವೊಂದಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲಾ ಎಂದು ಶಂಕಿಸಿ, ಎಳೆ ಹಿಡಿದು ಹೊರಟು, ಮಾರ್ಚ್ 29ರಂದು ಈ ಮೋಸವನ್ನು ಬಯಲು ಮಾಡಿದರು. ಆ ಅರ್ಧ ಸೆಕೆಂಡನ್ನು ಗಮನಿಸಿದ ಕಣ್ಣು ಇಲ್ಲದಿದ್ದರೆ ಏನಾಗುತ್ತಿತ್ತೋ! ಇಲ್ಲಿ ಒಡೆದದ್ದು ಯಂತ್ರವಲ್ಲ, ಒಬ್ಬಂಟಿ ಮನುಷ್ಯನ ತಾಳ್ಮೆ. ಏರಿಯನ್ನು ಕಾಯುವವನು ಒಬ್ಬನೇ ಎಂದು ತಿಳಿದ ಕಳ್ಳ ಸನಿಕೆ ಹಿಡಿದುಕೊಂಡು ನೆಂಟನಂತೆ ಬಂದ.

*

ಹಾಗಾದರೆ ಹೊಸ ಕಾಲಕ್ಕೆ ಹೊಸ ಕೆರೆಗೊಡಗೆ ಬೇಡವೆ? ಅಲ್ಲಲ್ಲಿ ಅದರ ಸೂಚನೆ ಕಾಣುತ್ತಿದೆ. 2024ರ ಅಕ್ಟೋಬರಿನಲ್ಲಿ ಜೆರೋಧಾ ಸಂಸ್ಥೆ ಲೋಕದ ಯಾವ ಭಾಗದ ಮುಕ್ತ ತಂತ್ರಾಂಶಕ್ಕಾದರೂ ನೆರವಾಗಲು ವರ್ಷಕ್ಕೆ 10 ಲಕ್ಷ ಡಾಲರುಗಳ ಫ್ಲಾಸ್ ಫಂಡ್ ಎಂಬ ನಿಧಿಯನ್ನು ಸಾರಿತು. ಈಗಾಗಲೇ ನಡೆಯುತ್ತಿರುವ ಕೆಲಸಗಳನ್ನು ಉಳಿಸಿ ಬಾಳಿಸುವುದು ಅದರ ಉದ್ದೇಶ. ನಮ್ಮ ರಾಜ್ಯದ ರಾಜಧಾನಿಯಿಂದಲೇ ಇಂಥ ದತ್ತಿ ಹೊರಟಿತೆಂಬುದು ಸಂತೋಷದ ವಿಷಯ.

ಹಣಕ್ಕಿಂತ ಹೆಚ್ಚಿನದು ಪಾಲಿಸುತ್ತೇನೆಂಬ ಸಂಕಲ್ಪ. ಅಮೆರಿಕದ ರಿಚರ್ಡ್ ಹಿಪ್ ಅವರು 2000ದಲ್ಲಿ ಆರಂಭಿಸಿದ ಎಸ್‌ಕ್ಯೂಲೈಟ್ ಎಂಬ ಸಣ್ಣ ದತ್ತಾಂಶಕೋಶ ಇಂದು ನಮ್ಮೆಲ್ಲರ ಕೈಯ ಮೊಬೈಲುಗಳಲ್ಲಿ ಅಡಗಿ ಕುಳಿತಿದೆ. ಅದರ ಕರ್ತೃಗಳು ಬೆರಳೆಣಿಕೆಯ ಜನ. 2050ರವರೆಗೆ ಅದನ್ನು ಪಾಲಿಸುವುದು ತಮ್ಮ ಉದ್ದೇಶವೆಂದು ಅವರು ಬಹಿರಂಗವಾಗಿ ಹೇಳಿದ್ದಾರೆ. ಆ ಭರವಸೆಯ ಮೇಲೆ ಬೇರೆಯವರು ಧೈರ್ಯವಾಗಿ ಮನೆ ಕಟ್ಟುತ್ತಾರೆ. 2017ರಲ್ಲಿ ಸೈಮನ್ ವಿಲಿಸನ್ ಎಂಬವರು ಯಾವುದೇ ಅಂಕಿ–ಅಂಶಗಳ ಕೋಷ್ಟಕವನ್ನು ಯಾರಾದರೂ ಸುಲಭವಾಗಿ ಅಂತರಜಾಲದಲ್ಲಿ ಪ್ರಕಟಿಸುವಂತೆ 'ಡೇಟಾಸೆಟ್' ಎಂಬ ಮುಕ್ತ ಸಾಧನವನ್ನು ಕಟ್ಟಿದ್ದು ಈ ಎಸ್‌ಕ್ಯೂಲೈಟ್ ಮೇಲೆಯೇ. ಒಬ್ಬರ ಪಾಲನೆ ಇನ್ನೊಬ್ಬರ ದಾನಕ್ಕೆ ತಳಹದಿಯಾಗುವುದು ಹೀಗೆ.

ನಮ್ಮ ಪಾಲಿನ ಕೆಲಸವೇನು? ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಂತ್ರಾಂಶ ಬರೆಯಲು ಬರಬೇಕೆಂದಿಲ್ಲ. ನಿಘಂಟಿನಲ್ಲಿ ತಪ್ಪು ಕಂಡಾಗ ತರಗತಿಯಲ್ಲಿ ನಕ್ಕು ಮುಂದೆ ಹೋಗುವ ಬದಲು, ಪದ, ಕಂಡ ಅರ್ಥ, ಇರಬೇಕಾದ ಅರ್ಥ, ಅದಕ್ಕೆ ಆಧಾರವಾದ ಪ್ರಯೋಗ ಇವನ್ನು ನಾಲ್ಕು ಸಾಲಿನಲ್ಲಿ ಬರೆದು ಪಾಲಕರಿಗೆ ತಲುಪಿಸಿದರೆ ಅದು ಒಂದು ಬುಟ್ಟಿ ಹೂಳೆತ್ತಿದಂತೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಉಪಭಾಷೆಗಳ ಮೇಲೆ, ಕುಂಬಾರಿಕೆ ನೇಯ್ಗೆ ಮೊದಲಾದ ಕಸುಬುಗಳ ಪದಸಂಪತ್ತಿನ ಮೇಲೆ ಸಂಶೋಧನೆ ಮಾಡಿದವರು ಪ್ರಬಂಧದ ಕೊನೆಗೆ ಪದಪಟ್ಟಿಯನ್ನು ಕೊಡುವುದುಂಟು. ಅಂಥ ಪಟ್ಟಿಗಳು ಗ್ರಂಥಾಲಯದ ಕಪಾಟಿನಲ್ಲಿಯೋ ಹಳೆಯ ಅಕ್ಷರವಿನ್ಯಾಸದ ಕಡತದಲ್ಲಿಯೋ ಕುಳಿತಿದ್ದರೆ ಯಾರಿಗೂ ಸಿಕ್ಕುವುದಿಲ್ಲ. ಅವನ್ನು ಯೂನಿಕೋಡಿಗೆ ತಿರುಗಿಸಿ, ಸರಳವಾದ ಕೋಷ್ಟಕವಾಗಿ ಬರೆದಿಟ್ಟು, ಸಂಗ್ರಾಹಕರ ಒಪ್ಪಿಗೆಯಿಂದ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರೆ, ಇಂದಿನ ಸಾಧನ ಮುಂದೊಂದು ದಿನ ಅಳಿದರೂ ಇನ್ನೊಂದು ಸಾಧನ ಅವನ್ನು ಎತ್ತಿಕೊಳ್ಳುತ್ತದೆ. ಇಂಥ ಪಟ್ಟಿಯೊಂದನ್ನು ಹೀಗೆ ಉಳಿಸಿಕೊಡುವುದನ್ನು ಸ್ನಾತಕೋತ್ತರ ತರಗತಿಯ ಒಂದು ಅಭ್ಯಾಸವಾಗಿ ಇಟ್ಟರೆ, ಪರೀಕ್ಷೆ ಮುಗಿದ ಮೇಲೂ ಬಾಳುವ ಕೆಲಸವೊಂದನ್ನು ವಿದ್ಯಾರ್ಥಿ ಮಾಡಿದಂತಾಗುತ್ತದೆ.

ಪಾಲಕರ ವಿಚಾರದಲ್ಲಿ ಬಳಸುವವರಿಗೂ ಒಂದು ನಡವಳಿಕೆ ಬೇಕು. ಉಚಿತವಾಗಿ ದೊರೆಯುವುದು ಯಾರೋ ದುಡಿಯದೆ ಬಂದದ್ದಲ್ಲ. ಒಂದು ದಿನ ತಾಣ ತೆರೆಯಲಿಲ್ಲವೆಂದು ಕೋಪಿಸಿಕೊಳ್ಳುವವರು, ಉಳಿದ ಮುನ್ನೂರ ಅರುವತ್ತನಾಲ್ಕು ದಿನ ಅದು ತೆರೆದಿದ್ದಾಗ ಯಾರನ್ನಾದರೂ ನೆನೆದಿದ್ದರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಎಕ್ಸ್‌ಜೆಡ್‌ನ ಆ ಪಾಲಕನಿಗೆ ಹಣಕ್ಕೆ ಮೊದಲು ಬೇಕಾಗಿದ್ದುದು ನಿಜವಾದ ಜೊತೆಗಾರನೊಬ್ಬ.

ಹಳೆಯ ನೀರುಗಂಟಿಗೂ ಈ ಹೊಸ ನೀರುಗಂಟಿಗೂ ಒಂದು ವ್ಯತ್ಯಾಸವಿದೆ. ಅವನು ತೂಬಿಗೆ ಬಡಿದ ಬೆಣೆಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಇವನು ತಿದ್ದಿದ ಒಂದು ಅಲ್ಪವಿರಾಮವೂ ಹೆಸರು, ದಿನಾಂಕಗಳ ಸಮೇತ ದಾಖಲೆಯಲ್ಲಿ ಉಳಿದಿದೆ. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. ಶಾಸನಗಳನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ, ಮರೆತುಹೋದ ದಾನಿಗಳ ಹೆಸರನ್ನು ನಾಡಿಗೆ ಮತ್ತೆ ಹೇಳಿಕೊಟ್ಟ ವಿದ್ವತ್ ಪರಂಪರೆ ನಮ್ಮದು. ಬದುಕಿರುವ ಪಾಲಕರ ಹೆಸರನ್ನು ಅವರು ಕೇಳಿಸಿಕೊಳ್ಳುವಂತೆ ಇಂದೇ ಒಮ್ಮೆ ಓದುವುದು ನಮಗೆ ಅಷ್ಟೇನೂ ಕಷ್ಟದ ಕೆಲಸವಾಗಲಾರದು.